ಒಂದು ಲೈನ್, ನಲವತ್ತು ಅತಿಥಿಗಳು: ಅತಿಥಿ ವೈಫೈನಲ್ಲಿ ಬ್ಯಾಂಡ್‌ವಿಡ್ತ್ ಹಂಚಿಕೆಯ ಪ್ರಕರಣ ಅಧ್ಯಯನ

ಈ ಅಧ್ಯಯನಕ್ಕೆ ಎತ್ತಿಕೊಂಡಿರುವುದು ಮೂವತ್ತು ಕೋಣೆಗಳ ಒಂದು ಅತಿಥಿಗೃಹದ ವೈಫೈ ಜಾಲವನ್ನು. ಕಟ್ಟಡಕ್ಕೆ ಬರುವ ಇಂಟರ್ನೆಟ್ ಲೈನ್ ಒಂದೇ. ಅದರ ವೇಗ ಡೌನ್‌ಲೋಡಿಗೆ 50 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ಅಳತೆ), ಅಪ್‌ಲೋಡಿಗೆ 10 ಎಂಬಿಪಿಎಸ್. ಹಗಲು ಹೊತ್ತಿನಲ್ಲಿ ಏಳೆಂಟು ಮಂದಿ ಮಾತ್ರ ಜಾಲವನ್ನು ಬಳಸುತ್ತಿರುತ್ತಾರೆ. ಸಂಜೆಯಾಗುತ್ತಲೇ ಆ ಸಂಖ್ಯೆ ನಲವತ್ತನ್ನು ಮುಟ್ಟುತ್ತದೆ. ಇಲ್ಲಿನ ಅಂಕಿಗಳು ಲೆಕ್ಕವನ್ನು ಕೊನೆಯವರೆಗೂ ಬಿಡಿಸಿ ತೋರಿಸಲು ಅನುಕೂಲವಾಗಲೆಂದು ಇಟ್ಟುಕೊಂಡವು. ಪರಿಸ್ಥಿತಿ ಮಾತ್ರ ಹೊರಗಿನವರಿಗೆ ವೈಫೈ ಕೊಡುವ ಯಾವ ಜಾಗದಲ್ಲಾದರೂ, ಅದು ಗ್ರಂಥಾಲಯದ ಓದುಕೋಣೆಯಿರಲಿ, ಆಸ್ಪತ್ರೆಯ ನಿರೀಕ್ಷಣಾ ಕೊಠಡಿಯಿರಲಿ, ಇದೇ ರೂಪದಲ್ಲಿ ಎದುರಾಗುವಂಥದ್ದು.

ಸಂಜೆಯ ದೂರುಗಳಲ್ಲಿ ಎರಡು ಬಗೆ ಕಾಣುತ್ತವೆ. ಒಂದು, ಜಾಲ ನಿಧಾನವಾಗಿದೆ ಎಂಬ ಸಾಮಾನ್ಯ ದೂರು. ಇನ್ನೊಂದು ಹೆಚ್ಚು ಗಮನಿಸಬೇಕಾದದ್ದು: ವೇಗ ಪರೀಕ್ಷೆಯ ತಾಣದಲ್ಲಿ ಹತ್ತು ಹನ್ನೆರಡು ಎಂಬಿಪಿಎಸ್ ತೋರಿಸುತ್ತಿರುವಾಗಲೇ ವಿಡಿಯೊ ಕರೆ ತುಂಡು ತುಂಡಾಗುತ್ತದೆ, ಸರಳವಾದ ಒಂದು ಪುಟ ತೆರೆಯಲೂ ಕಾಯಬೇಕಾಗುತ್ತದೆ. ಮೊದಲನೆಯದು ಪಾಲಿನ ಪ್ರಶ್ನೆ, ಎರಡನೆಯದು ಕಾಯುವಿಕೆಯ ಪ್ರಶ್ನೆ. ಎರಡನ್ನೂ ವೇಗ ಸಾಲದು ಎಂಬ ಒಂದೇ ತಲೆಬರಹದಡಿ ಸೇರಿಸಿದರೆ ಪರಿಹಾರ ದಾರಿ ತಪ್ಪುತ್ತದೆ. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ತಿರುಳಿರುವುದು ಇನ್ನೂ ಹಿಂದಿನ ಒಂದು ಪ್ರಶ್ನೆಯಲ್ಲಿ: ನಾವು ಹಂಚುತ್ತಿರುವುದು ಯಾರ ಯಾರ ನಡುವೆ? ಕನೆಕ್ಷನ್‌ಗಳ (ಸಾಧನವೊಂದು ದೂರದ ಯಂತ್ರಗಳೊಡನೆ ತೆರೆಯುವ ಸಂಪರ್ಕಗಳ) ನಡುವೆಯೋ, ಸಾಧನಗಳ ನಡುವೆಯೋ, ಮನುಷ್ಯರ ನಡುವೆಯೋ? ನಿರ್ವಾಹಕರು ಇದಕ್ಕೆ ಉತ್ತರ ಹೇಳದೆ ಬಿಟ್ಟರೆ ಉಪಕರಣಗಳು ತಾವೇ ಒಂದು ಉತ್ತರವನ್ನು ಆರಿಸಿಕೊಳ್ಳುತ್ತವೆ, ಮತ್ತು ಆ ಆಯ್ಕೆ ಹೆಚ್ಚು ಕೇಳುವವರ ಪರವಾಗಿರುತ್ತದೆ.

ತಲೆಗೊಂದು ಮಿತಿ

ದೂರುಗಳು ಹೆಚ್ಚಾದಾಗ ಇಲ್ಲಿನ ನಿರ್ವಾಹಕರು ಕೈಗೊಂಡ ಮೊದಲ ಕ್ರಮ ಪ್ರತಿ ಸಾಧನದ ಡೌನ್‌ಲೋಡಿಗೆ 2 ಎಂಬಿಪಿಎಸ್ ಮಿತಿ ಹಾಕಿದ್ದು. ಅತಿಥಿ ಜಾಲಕ್ಕೆಂದು ಮಾಡಿದ ರೂಟರ್‌ಗಳಲ್ಲಿ ಇದು ಸುಲಭವಾಗಿ ಕೈಗೆ ಸಿಗುವ ಆಯ್ಕೆ, ಮೇಲ್ನೋಟಕ್ಕೆ ನ್ಯಾಯವೂ ಹೌದು. ಆದರೆ ಲೆಕ್ಕ ಹಾಕಿ ನೋಡಬೇಕು. ಹಗಲಿನಲ್ಲಿ ಎಂಟು ಮಂದಿ ಮಾತ್ರ ಇರುವಾಗ ಎಲ್ಲರೂ ತಮ್ಮ ಮಿತಿಯನ್ನು ಪೂರ್ತಿ ಬಳಸಿದರೂ ಖರ್ಚಾಗುವುದು 16 ಎಂಬಿಪಿಎಸ್. ಉಳಿದ 34 ಎಂಬಿಪಿಎಸ್ ಯಾರಿಗೂ ಸಿಗದೆ ಸುಮ್ಮನೆ ಹೋಗುತ್ತದೆ. ಬ್ಯಾಂಡ್‌ವಿಡ್ತ್ ಕೂಡಿಡಲು ಬರುವ ವಸ್ತುವಲ್ಲ, ಈ ಕ್ಷಣ ಬಳಸದೆ ಬಿಟ್ಟದ್ದು ಮುಂದಿನ ಕ್ಷಣಕ್ಕೆ ಸೇರುವುದಿಲ್ಲ. ಸಂಜೆ ನಲವತ್ತು ಮಂದಿ ಒಟ್ಟಿಗೆ ಕೇಳಿದರೆ ಮಿತಿಗಳ ಮೊತ್ತ 80 ಎಂಬಿಪಿಎಸ್ ಆಗುತ್ತದೆ, ಲೈನಿನಲ್ಲಿರುವುದು 50. ಅಂದರೆ ಲೈನ್ ತುಂಬುವ ಹೊತ್ತಿನಲ್ಲಿ ಮಿತಿಯು ಯಾರನ್ನೂ ಕಾಪಾಡುವುದಿಲ್ಲ, ಖಾಲಿಯಿರುವ ಹೊತ್ತಿನಲ್ಲಿ ಎಲ್ಲರನ್ನೂ ತಡೆಯುತ್ತದೆ. ಮಿತಿಯನ್ನು 1 ಎಂಬಿಪಿಎಸ್‌ಗೆ ಇಳಿಸಿದರೆ ಸಂಜೆಯ ಮೊತ್ತ ಲೈನಿನೊಳಗೆ ಬರುತ್ತದೆ, ಆದರೆ ಹಗಲಿನಲ್ಲಿ ಒಂದು ಕಡತ ಇಳಿಸಿಕೊಳ್ಳಬೇಕೆಂದವರು ಖಾಲಿ ಲೈನಿನ ಮುಂದೆ ಕುಳಿತು ಕಾಯಬೇಕಾಗುತ್ತದೆ. ಒಂದೇ ಸ್ಥಿರ ಅಂಕಿಯಿಂದ ಈ ಎರಡು ಹೊತ್ತುಗಳಿಗೂ ಹೊಂದಿಕೊಳ್ಳಲು ಸಾಧ್ಯವಿಲ್ಲ.

ಮಿತಿಯೇ ಇಲ್ಲದಿದ್ದಾಗ ಏನಾಗುತ್ತಿತ್ತು ಎಂಬುದನ್ನೂ ನೋಡಬೇಕು. ಒಂದೇ ಇಕ್ಕಟ್ಟಿನ ಜಾಗದ ಮೂಲಕ ಹಾದುಹೋಗುವ, ಹೆಚ್ಚುಕಡಿಮೆ ಒಂದೇ ದೂರ ಕ್ರಮಿಸುವ ಟಿಸಿಪಿ (ಇಂಟರ್ನೆಟ್‌ನಲ್ಲಿ ಮಾಹಿತಿ ಸಾಗಿಸುವ ಮುಖ್ಯ ನಿಯಮಾವಳಿಗಳಲ್ಲೊಂದು) ಕನೆಕ್ಷನ್‌ಗಳು ಲಭ್ಯವಿರುವ ವೇಗವನ್ನು ತಮ್ಮೊಳಗೆ ಸರಿಸುಮಾರು ಸಮವಾಗಿ ಹಂಚಿಕೊಳ್ಳುತ್ತವೆ. ಸಮತೆ ಇರುವುದು ಕನೆಕ್ಷನ್‌ಗಳ ನಡುವೆ, ಅವುಗಳ ಹಿಂದಿರುವ ಮನುಷ್ಯರ ನಡುವೆ ಅಲ್ಲ. ಹತ್ತು ಅತಿಥಿಗಳಲ್ಲಿ ಒಬ್ಬರ ಯಂತ್ರ ಟೊರೆಂಟ್ ಎಂಬ, ಒಂದೇ ಕಡತವನ್ನು ಹಲವು ಯಂತ್ರಗಳಿಂದ ತುಣುಕು ತುಣುಕಾಗಿ ಇಳಿಸುವ ತಂತ್ರಾಂಶದ ಮೂಲಕ 30 ಕನೆಕ್ಷನ್ ತೆರೆದಿದೆ, ಉಳಿದ ಒಂಬತ್ತು ಮಂದಿ ತಲಾ ಎರಡನ್ನು ತೆರೆದಿದ್ದಾರೆ ಎಂದಿಟ್ಟುಕೊಳ್ಳೋಣ. ಒಟ್ಟು 48 ಕನೆಕ್ಷನ್‌ಗಳಲ್ಲಿ 30 ಒಬ್ಬರವೇ ಆದುದರಿಂದ ಆ ಒಬ್ಬರಿಗೆ 50ರಲ್ಲಿ 31.25 ಎಂಬಿಪಿಎಸ್ ಹೋಗುತ್ತದೆ. ಉಳಿದವರಿಗೆ ತಲಾ ಸುಮಾರು 2.08. ಆ ಅತಿಥಿ ಯಾವ ದುರುದ್ದೇಶವನ್ನೂ ಇಟ್ಟುಕೊಂಡಿರಬೇಕಾಗಿಲ್ಲ, ತನ್ನ ಯಂತ್ರ ಎಷ್ಟು ಕನೆಕ್ಷನ್ ತೆರೆದಿದೆ ಎಂಬುದೂ ಅವರಿಗೆ ತಿಳಿದಿರಲಾರದು. ಬ್ರೌಸರ್‌ಗಳು ಕೂಡ ಹಳೆಯ ಎಚ್‌ಟಿಟಿಪಿ 1.1 ಪದ್ಧತಿಯಲ್ಲಿ ಒಂದು ತಾಣಕ್ಕೆ ಆರು ಕನೆಕ್ಷನ್‌ಗಳವರೆಗೆ ತೆರೆಯುತ್ತವೆ. ಹಾಗಾಗಿ ಈ ಹಂಚಿಕೆಯಲ್ಲಿ ಯಾರನ್ನೋ ಬಳಕೆಯ ಅಪರಾಧಿಯೆಂದು ಹುಡುಕುವುದು ವ್ಯರ್ಥ. ಹಂಚುವ ಘಟಕವೇ ತಪ್ಪಾಗಿದೆ, ಸರಿಪಡಿಸಬೇಕಾದದ್ದು ಅದನ್ನು.

ಕಾಯುವಿಕೆ ಎಲ್ಲಿ ಹುಟ್ಟುತ್ತದೆ

ಎರಡನೆಯ ಬಗೆಯ ದೂರಿಗೆ ಕಾರಣ ಅಪ್‌ಲೋಡಿನ ದಿಕ್ಕಿನಲ್ಲಿದೆ. ಸಂಜೆ ಅತಿಥಿಗಳು ಕೋಣೆಗೆ ಮರಳಿ ವೈಫೈಗೆ ಸೇರುತ್ತಿದ್ದಂತೆ ಅವರ ಫೋನುಗಳು ಹಗಲು ತೆಗೆದ ಚಿತ್ರಗಳನ್ನೂ ವಿಡಿಯೊಗಳನ್ನೂ ತಾವಾಗಿಯೇ ದೂರದ ಸಂಗ್ರಹಕ್ಕೆ ಕಳಿಸತೊಡಗುತ್ತವೆ. ಮೋಡೆಮ್‌ನ ಅಪ್‌ಲೋಡ್ ಬಫರ್, ಅಂದರೆ ಹೊರಹೋಗುವ ಮಾಹಿತಿ ತಾತ್ಕಾಲಿಕವಾಗಿ ತಂಗುವ ಜಾಗ, 1 ಮೆಗಾಬೈಟ್‌ನಷ್ಟಿದೆ ಎಂದುಕೊಂಡರೆ, ಅದು ತುಂಬಿದಾಗ 8 ಮೆಗಾಬಿಟ್ ಮಾಹಿತಿ 10 ಎಂಬಿಪಿಎಸ್ ಲೈನಿನ ಮುಂದೆ ಸರತಿಯಲ್ಲಿ ನಿಂತಿರುತ್ತದೆ. ಹೊಸದಾಗಿ ಬಂದ ಪ್ಯಾಕೆಟ್ (ಮಾಹಿತಿಯ ತುಣುಕು) ಯಾರದ್ದೇ ಆಗಿರಲಿ, ಹೊರಗೆ ಹೋಗಲು 0.8 ಸೆಕೆಂಡು ಕಾಯಬೇಕು. ಧ್ವನಿ ಸಂಭಾಷಣೆ ಸರಾಗವಾಗಿರಬೇಕಾದರೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗೆ ಇರುವುದು ಒಳಿತೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುತ್ತದೆ. ಇಲ್ಲಿ ಅದರ ಐದು ಪಟ್ಟಿಗಿಂತ ಹೆಚ್ಚು ಕಾಲ ಸರತಿಯಲ್ಲೇ ಕಳೆದುಹೋಯಿತು. ಡೌನ್‌ಲೋಡ್ ಕೂಡ ಇದರಿಂದ ತಪ್ಪಿಸಿಕೊಳ್ಳುವುದಿಲ್ಲ, ಏಕೆಂದರೆ ಇಳಿದುಬಂದ ತುಣುಕುಗಳು ತಲುಪಿದವು ಎಂಬ ಟಿಸಿಪಿ ಸ್ವೀಕೃತಿ ಮೇಲಕ್ಕೆ ಹೋಗಬೇಕು, ಆ ಸ್ವೀಕೃತಿಗಳೂ ಅದೇ ಸರತಿಯಲ್ಲಿ ಸಿಕ್ಕಿಬೀಳುತ್ತವೆ. ಡೌನ್‌ಲೋಡಿನಲ್ಲಿ ಸಾಕಷ್ಟು ಜಾಗವಿದ್ದರೂ ಪುಟ ತೆರೆಯದಿರುವುದಕ್ಕೆ ವಿವರಣೆ ಇದು.

ಬಫರ್ ದೊಡ್ಡದಾದಷ್ಟೂ ಒಳ್ಳೆಯದು ಎಂಬ ನಂಬಿಕೆಯಿಂದ ಹುಟ್ಟಿದ ಈ ತೊಂದರೆಗೆ 2010ರ ಹೊತ್ತಿಗೆ ತಂತ್ರಾಂಶ ತಜ್ಞ ಜಿಮ್ ಗೆಟಿಸ್ ಬಫರ್‌ಬ್ಲೋಟ್ ಎಂಬ ಹೆಸರನ್ನು ಬಳಕೆಗೆ ತಂದರು. ಸಮಸ್ಯೆಯ ಅರಿವು ಅದಕ್ಕಿಂತ ಬಹಳ ಹಳೆಯದು. ಇಂಟರ್ನೆಟ್‌ನ ತಾಂತ್ರಿಕ ದಾಖಲೆಗಳ ಸರಣಿಯಾದ ಆರ್‌ಎಫ್‌ಸಿಯಲ್ಲಿ 1985ರಲ್ಲಿ ಬಂದ 970ನೇ ದಾಖಲೆಯಲ್ಲಿ ಜಾನ್ ನೇಗಲ್ ಅವರು, ಜಾಲದ ಸ್ವಿಚ್‌ಗಳಿಗೆ ಅಪರಿಮಿತ ಸಂಗ್ರಹ ಕೊಟ್ಟರೂ ದಟ್ಟಣೆ ನೀಗುವುದಿಲ್ಲವೆಂದು ತೋರಿಸಿ, ಪ್ರತಿ ಮೂಲಯಂತ್ರಕ್ಕೂ ಪ್ರತ್ಯೇಕ ಸರತಿ ಇಟ್ಟು ಅವುಗಳಿಂದ ಸುತ್ತು ಪ್ರಕಾರ ಒಂದೊಂದೇ ಪ್ಯಾಕೆಟ್ ತೆಗೆದುಕೊಳ್ಳಬೇಕೆಂದು ಸೂಚಿಸಿದ್ದರು. 1989ರಲ್ಲಿ ಡೆಮರ್ಸ್, ಕೇಶವ್ ಮತ್ತು ಶೆಂಕರ್ ಆ ವಿಚಾರವನ್ನು ಮುಂದಕ್ಕೊಯ್ದು, ಪ್ಯಾಕೆಟ್‌ಗಳ ಗಾತ್ರ ಬೇರೆ ಬೇರೆಯಿದ್ದರೂ ಸಮತೆ ಉಳಿಯುವ ಕ್ರಮವನ್ನು ರೂಪಿಸಿದರು. ಬಳಕೆದಾರ ಎಂದರೆ ಯಾರು ಎಂಬ ಪ್ರಶ್ನೆಯನ್ನು ಅವರು ನೇರವಾಗಿಯೇ ಎತ್ತಿಕೊಂಡು, ಹಲವು ಸಾಧ್ಯತೆಗಳನ್ನು ತೂಗಿ, ಕಳಿಸುವ ಮತ್ತು ಪಡೆಯುವ ಯಂತ್ರಗಳ ಜೋಡಿಯನ್ನು ಘಟಕವಾಗಿ ಹಿಡಿದರು. ಅತಿಥಿ ಜಾಲದ ಮಟ್ಟಿಗೆ ನೇಗಲ್ ಅವರ ಘಟಕವೇ ಹೆಚ್ಚು ಸೂಕ್ತವೆಂಬುದು ನನ್ನ ಅಭಿಪ್ರಾಯ. ಜೋಡಿಗಳನ್ನು ಎಣಿಸಿದರೆ ಏಕಕಾಲಕ್ಕೆ ಹಲವು ಸರ್ವರ್‌ಗಳೊಡನೆ ಮಾತಾಡುವ ಅತಿಥಿಗೆ ಮತ್ತೆ ಹಲವು ಪಾಲುಗಳು ದೊರೆಯುತ್ತವೆ.

ನ್ಯಾಯವೆಂದು ಯಾವುದನ್ನು ಹಿಡಿಯಬೇಕು

ಈ ಪ್ರಕರಣದಲ್ಲಿ ಗುರಿಯಾಗಿ ಆರಿಸಿಕೊಂಡದ್ದು ಮ್ಯಾಕ್ಸ್-ಮಿನ್ ನ್ಯಾಯ ಎಂಬ ತತ್ವವನ್ನು. ಅದರ ಪ್ರಕಾರ ಕಡಿಮೆ ಕೇಳುವವರ ಬೇಡಿಕೆ ಮೊದಲು ಪೂರ್ತಿ ತೀರಬೇಕು, ಮಿಕ್ಕಿದ್ದನ್ನು ಇನ್ನೂ ಬೇಕೆನ್ನುವವರ ನಡುವೆ ಸಮವಾಗಿ ಹಂಚಬೇಕು. ಒಬ್ಬರ ಪಾಲು ಹೆಚ್ಚಿಸಬೇಕಾದರೆ ಅವರಿಗಿಂತ ಕಡಿಮೆ ಅಥವಾ ಅವರಷ್ಟೇ ಪಡೆಯುತ್ತಿರುವ ಇನ್ನೊಬ್ಬರ ಪಾಲನ್ನು ಕಡಿಯದೆ ಸಾಧ್ಯವಿಲ್ಲ ಎಂಬಲ್ಲಿಗೆ ಹಂಚಿಕೆ ನಿಲ್ಲುತ್ತದೆ. ಹಂಚಲು 45 ಎಂಬಿಪಿಎಸ್ ಇದೆ, ಹತ್ತು ಮಂದಿ ಇದ್ದಾರೆ ಎನ್ನೋಣ. ನಾಲ್ವರು ಸಂದೇಶ ಕಳಿಸುತ್ತಿದ್ದಾರೆ, ತಲಾ 0.5 ಸಾಕು. ಮೂವರು ವಿಡಿಯೊ ಕರೆಯಲ್ಲಿದ್ದಾರೆ, ತಲಾ 3 ಬೇಕು. ಇನ್ನು ಮೂವರು ದೊಡ್ಡ ಕಡತಗಳನ್ನು ಇಳಿಸಿಕೊಳ್ಳುತ್ತಿದ್ದಾರೆ, ಕೊಟ್ಟಷ್ಟೂ ಬೇಕು. ತಲಾ ಸಮಪಾಲು 4.5 ಆಗುವುದರಿಂದ ಮೊದಲ ಏಳು ಮಂದಿಯ ಬೇಡಿಕೆ ಪೂರ್ತಿಯಾಗಿ ತೀರುತ್ತದೆ. ಅವರಿಗೆ ಹೋಗುವುದು ಒಟ್ಟು 11. ಉಳಿದ 34 ಮೂವರಿಗೆ ಹಂಚಿಹೋಗಿ ತಲಾ 11.33 ಸಿಗುತ್ತದೆ. ಇದೇ ಹತ್ತು ಮಂದಿಗೆ ತಲಾ 4.5ರ ಸ್ಥಿರ ಮಿತಿ ಹಾಕಿದ್ದರೆ ಯಾರಿಗೂ ಉಪಕಾರವಾಗದೆ 20.5 ಎಂಬಿಪಿಎಸ್ ಖಾಲಿ ಉಳಿಯುತ್ತಿತ್ತು. ಕಡಿಮೆ ಕೇಳುವವರಿಗೆ ಕೊರತೆಯಾಗಬಾರದು, ಇರುವುದು ಪೋಲಾಗಲೂಬಾರದು. ಅತಿಥಿ ಜಾಲವೊಂದರಿಂದ ನಾವು ನಿರೀಕ್ಷಿಸುವ ಎರಡೂ ಗುಣಗಳು ಈ ತತ್ವದೊಳಗಿವೆ.

ಸರತಿಯನ್ನು ತನ್ನ ಕೈಗೆ ತೆಗೆದುಕೊಳ್ಳುವುದು

ತತ್ವ ಜಾರಿಗೆ ಬರಬೇಕಾದರೆ ಸರತಿ ಬೆಳೆಯುವ ಜಾಗ ನಮ್ಮ ಹಿಡಿತದಲ್ಲಿರಬೇಕು. ಸರತಿ ಮೋಡೆಮ್‌ನೊಳಗೆ ಬೆಳೆಯುತ್ತಿದ್ದರೆ ರೂಟರ್‌ನಲ್ಲಿ ಎಷ್ಟೇ ಜಾಣ ವ್ಯವಸ್ಥೆ ಮಾಡಿದರೂ ಅದಕ್ಕೆ ಕೆಲಸವೇ ಇರುವುದಿಲ್ಲ, ಏಕೆಂದರೆ ಅಲ್ಲಿಗೆ ಬಂದ ಪ್ಯಾಕೆಟ್ ನಿಲ್ಲದೆ ಮುಂದೆ ಹೋಗಿ ಮೋಡೆಮ್‌ನ ಒಂದೇ ಸರತಿಯ ತುದಿಗೆ ಸೇರಿಕೊಳ್ಳುತ್ತದೆ. ಆದ್ದರಿಂದ ರೂಟರ್‌ನ ವೇಗವನ್ನು ಲೈನಿನ ನಿಜವಾದ ವೇಗಕ್ಕಿಂತ ತುಸು ಕಡಿಮೆಗೆ ಕಟ್ಟಬೇಕು. ಇಲ್ಲಿ ಹತ್ತನೇ ಒಂದು ಭಾಗ ಬಿಟ್ಟು ಡೌನ್‌ಲೋಡಿಗೆ 45, ಅಪ್‌ಲೋಡಿಗೆ 9 ಎಂದು ನಿಗದಿ ಮಾಡಲಾಗಿದೆ. ಕಳೆದುಕೊಂಡ ಈ ಹತ್ತನೇ ಒಂದು ಭಾಗಕ್ಕಾಗಿ ಮರುಗುವವರು, ಅದರ ಬದಲಿಗೆ 0.8 ಸೆಕೆಂಡಿನ ಕಾಯುವಿಕೆ ತೊಲಗಿತೆಂಬುದನ್ನು ನೆನೆಯಬೇಕು. ಅಪ್‌ಲೋಡಿನಲ್ಲಿ ಇನ್ನೂ ಕಡಿಮೆ ಬಿಟ್ಟರೂ ನಡೆಯುತ್ತದೆ. ಡೌನ್‌ಲೋಡಿನಲ್ಲಿ ಮಾತ್ರ ಪ್ಯಾಕೆಟ್‌ಗಳು ಲೈನನ್ನು ದಾಟಿ ಬಂದ ಮೇಲೆಯೇ ರೂಟರ್‌ಗೆ ಕಾಣುತ್ತವೆ. ಅದು ಕೆಲವನ್ನು ಮುಂದೆ ಕಳಿಸದೆ ಎಸೆದು ದೂರದ ಸರ್ವರ್‌ಗೆ ನಿಧಾನಿಸು ಎಂಬ ಸೂಚನೆ ತಲುಪಿಸಬೇಕು, ಆ ಸೂಚನೆ ತಲುಪುವವರೆಗಿನ ಏರಿಳಿತಕ್ಕೆ ಅಂತರ ಬೇಕೇ ಬೇಕು. ಇನ್ನೊಂದು ಎಚ್ಚರಿಕೆ: ರೂಟರ್‌ನಲ್ಲಿ ಹಾರ್ಡ್‌ವೇರ್ ಆಫ್‌ಲೋಡ್ (ಪ್ಯಾಕೆಟ್ ಸಾಗಿಸುವ ಕೆಲಸವನ್ನು ಪ್ರೊಸೆಸರ್ ಬದಲು ಯಂತ್ರಾಂಶಕ್ಕೇ ವಹಿಸುವ ಸೌಲಭ್ಯ) ಚಾಲೂ ಇದ್ದರೆ ಪ್ಯಾಕೆಟ್‌ಗಳು ಸರತಿಯ ತಂತ್ರಾಂಶವನ್ನು ಮುಟ್ಟದೆಯೇ ದಾಟಿಹೋಗಬಹುದು, ಅದನ್ನು ನಿಲ್ಲಿಸಬೇಕು. 50 ಎಂಬಿಪಿಎಸ್‌ನಷ್ಟು ಹೊರೆಯನ್ನು ಸಾಧಾರಣ ರೂಟರ್‌ನ ಪ್ರೊಸೆಸರ್ ಕೂಡ ಆಫ್‌ಲೋಡ್ ಇಲ್ಲದೆ ನಿಭಾಯಿಸಬಲ್ಲದು.

ಸರತಿಯನ್ನು ನಡೆಸುವ ಕ್ರಮಗಳಲ್ಲಿ ಎರಡರ ಪರಿಚಯ ಅಗತ್ಯ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಪ್ರಕಟಿಸಿದ ಕೋಡೆಲ್ ಕ್ರಮವು ಸರತಿಯ ಉದ್ದವನ್ನು ನೋಡುವುದಿಲ್ಲ, ಪ್ಯಾಕೆಟ್ ಅದರೊಳಗೆ ಕಳೆದ ಕಾಲವನ್ನು ನೋಡುತ್ತದೆ. 100 ಮಿಲಿಸೆಕೆಂಡಿನ ಅವಧಿಯುದ್ದಕ್ಕೂ ಆ ಕಾಲ 5 ಮಿಲಿಸೆಕೆಂಡಿಗಿಂತ ಕೆಳಗಿಳಿಯದಿದ್ದರೆ ಪ್ಯಾಕೆಟ್‌ಗಳನ್ನು ಎಸೆಯತೊಡಗುತ್ತದೆ. ಇದಕ್ಕೆ ಪ್ರತ್ಯೇಕ ಸರತಿಗಳನ್ನು ಸೇರಿಸಿದ್ದು ಎಫ್‌ಕ್ಯೂ-ಕೋಡೆಲ್, 2018ರ ಆರ್‌ಎಫ್‌ಸಿ 8290ರಲ್ಲಿ ವಿವರಿಸಿರುವಂಥದ್ದು. ಪೂರ್ವನಿಗದಿಯಂತೆ ಅದರಲ್ಲಿ 1024 ಸರತಿಗಳಿದ್ದು, ಪ್ರತಿ ಕನೆಕ್ಷನ್ ಒಂದೊಂದರಲ್ಲಿ ನಿಲ್ಲುತ್ತದೆ, ವಿರಳವಾಗಿ ಪ್ಯಾಕೆಟ್ ಕಳಿಸುವ ಕನೆಕ್ಷನ್‌ಗೆ ಮೊದಲ ಅವಕಾಶ ದೊರೆಯುತ್ತದೆ. ಧ್ವನಿ ಕರೆಯ ಸಣ್ಣ ಪ್ಯಾಕೆಟ್ಟಾಗಲಿ, ತಾಣದ ವಿಳಾಸ ವಿಚಾರಿಸುವ ಡಿಎನ್‌ಎಸ್ ಕೋರಿಕೆಯಾಗಲಿ ದೊಡ್ಡ ಡೌನ್‌ಲೋಡಿನ ಹಿಂದೆ ನಿಲ್ಲಬೇಕಾಗಿಲ್ಲ. ಕಾಯುವಿಕೆಯ ದೂರು ಇಷ್ಟರಿಂದಲೇ ಬಹುಮಟ್ಟಿಗೆ ತೀರುತ್ತದೆ. ಆದರೆ ಇಲ್ಲಿಯೂ ಘಟಕ ಕನೆಕ್ಷನ್ನೇ ಆದುದರಿಂದ 30 ಕನೆಕ್ಷನ್ ತೆರೆದವರಿಗೆ 30 ಪಾಲು ಎಂಬ ದೋಷ ಹಾಗೆಯೇ ಉಳಿಯುತ್ತದೆ.

ಆ ದೋಷವನ್ನು ಕಳೆಯುವುದು ಕೇಕ್ ಎಂಬ ಕ್ರಮ. 2018ರಲ್ಲಿ ಲಿನಕ್ಸ್ (ಹಲವು ರೂಟರ್‌ಗಳಲ್ಲೂ ಬಳಸುವ ಕಾರ್ಯಾಚರಣಾ ವ್ಯವಸ್ಥೆ) 4.19ರೊಂದಿಗೆ ಬಂದ ಇದರಲ್ಲಿ ಹಂಚಿಕೆ ಎರಡು ಹಂತಗಳಲ್ಲಿ ನಡೆಯುತ್ತದೆ: ಮೊದಲು ಯಂತ್ರಗಳ ನಡುವೆ, ಆಮೇಲೆ ಒಂದು ಯಂತ್ರದೊಳಗಿನ ಕನೆಕ್ಷನ್‌ಗಳ ನಡುವೆ. ವೇಗ ಕಟ್ಟುವ ಕೆಲಸವನ್ನೂ ಅದೇ ಮಾಡುತ್ತದೆ. ಡೌನ್‌ಲೋಡಿನಲ್ಲಿ ಪಡೆಯುವ ವಿಳಾಸವನ್ನೂ ಅಪ್‌ಲೋಡಿನಲ್ಲಿ ಕಳಿಸುವ ವಿಳಾಸವನ್ನೂ ಆಧರಿಸಿ ಹಂಚುವಂತೆ ಇಲ್ಲಿ ಹೊಂದಿಸಬೇಕು. ಮೇಲಿನ ಉದಾಹರಣೆಯ ಹತ್ತು ಮಂದಿಯೂ ಕೊಟ್ಟಷ್ಟೂ ಬೇಕೆನ್ನುವವರಾದರೆ, ಟೊರೆಂಟ್ ಬಳಸುವವರು 30ರ ಬದಲು 300 ಕನೆಕ್ಷನ್ ತೆರೆದರೂ ಅವರಿಗೆ ಸಿಗುವುದು 4.5 ಎಂಬಿಪಿಎಸ್ಸೇ, ಅವರ ಕನೆಕ್ಷನ್‌ಗಳು ತಮ್ಮತಮ್ಮಲ್ಲೇ ಆ ಪಾಲನ್ನು ಹಂಚಿಕೊಳ್ಳುತ್ತವೆ. ಉಳಿದವರು ಮಲಗಿದ ಮೇಲೆ ಪೂರ್ತಿ 45 ಅವರಿಗೇ ಸಿಗುತ್ತದೆ, ಅದರಲ್ಲಿ ಯಾರಿಗೂ ನಷ್ಟವಿಲ್ಲ. ಈ ಹೊಂದಿಕೆ ಬಂದ ಬಳಿಕ ಹಳೆಯ 2 ಎಂಬಿಪಿಎಸ್ ಮಿತಿಯನ್ನು ತೆಗೆದುಹಾಕಬೇಕು. ಭಯಕ್ಕಾಗಿ ಅದನ್ನೂ ಉಳಿಸಿಕೊಂಡರೆ ಹಗಲಿನ ಪೋಲು ಮುಂದುವರಿಯುತ್ತದೆ.

ವಿಳಾಸ, ಸಾಧನ, ಮನುಷ್ಯ

ವಿಳಾಸವನ್ನು ಎಣಿಸುವ ವ್ಯವಸ್ಥೆಗೆ ಸರಿಯಾದ ವಿಳಾಸ ಕಾಣಬೇಕು. ಅತಿಥಿ ಜಾಲಗಳು ಸಾಮಾನ್ಯವಾಗಿ ಎನ್‌ಎಟಿ (ಒಳಗಿನ ಹಲವು ವಿಳಾಸಗಳನ್ನು ಹೊರಗಿನ ಒಂದೇ ವಿಳಾಸವಾಗಿ ಬದಲಿಸುವ ವ್ಯವಸ್ಥೆ) ಹಿಂದೆ ಇರುತ್ತವೆ, ಹೊರಗಿನಿಂದ ನೋಡಿದರೆ ಎಲ್ಲರಿಗೂ ಒಂದೇ ವಿಳಾಸ. ಎನ್‌ಎಟಿ ಅದೇ ರೂಟರ್‌ನಲ್ಲಿ ನಡೆಯುತ್ತಿದ್ದರೆ ಒಳಗಿನ ವಿಳಾಸವನ್ನು ಹುಡುಕಿ ಎಣಿಸುವ ಆಯ್ಕೆ ಕೇಕ್‌ನಲ್ಲಿದೆ, ಅದನ್ನು ಚಾಲೂ ಮಾಡಬೇಕು. ಸರತಿಯ ರೂಟರ್‌ಗೂ ಅತಿಥಿಗಳಿಗೂ ನಡುವೆ ಇನ್ನೊಂದು ಎನ್‌ಎಟಿ ಪೆಟ್ಟಿಗೆ ಇದ್ದರೆ ನಲವತ್ತು ಮಂದಿಯೂ ಒಬ್ಬರೇ ಎಂದು ಎಣಿಕೆಯಾಗುತ್ತಾರೆ, ಮಾಡಿದ್ದೆಲ್ಲ ನಿಷ್ಫಲ. ಹೊಸ ತಲೆಮಾರಿನ ಇಂಟರ್ನೆಟ್ ವಿಳಾಸ ಪದ್ಧತಿಯಾದ ಐಪಿವಿ6 ಇದ್ದಲ್ಲಿ ತೊಂದರೆ ತಿರುಗುಮುರುಗಾಗಿ ಬರುತ್ತದೆ: ಒಂದು ಫೋನಿಗೆ ಹಳೆಯ ಪದ್ಧತಿಯ ಒಂದು ಐಪಿವಿ4 ವಿಳಾಸದ ಜೊತೆ ಗೋಪ್ಯತೆಗಾಗಿ ಆಗಾಗ ಬದಲಾಗುವ ಐಪಿವಿ6 ವಿಳಾಸಗಳೂ ಇರುತ್ತವೆ, ವಿಳಾಸ ಎಣಿಸುವ ಕಣ್ಣಿಗೆ ಅವೆಲ್ಲ ಬೇರೆ ಬೇರೆ ಯಂತ್ರಗಳು. ಸಾಧನದ ಜಾಲ ಯಂತ್ರಾಂಶದ ಗುರುತಾದ ಮ್ಯಾಕ್ ವಿಳಾಸವನ್ನು ನೆಚ್ಚಿಕೊಳ್ಳುವುದೂ ಕಷ್ಟ. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದೀಚೆಗೆ ಫೋನುಗಳು ಜಾಲಕ್ಕೊಂದರಂತೆ ಕಲ್ಪಿತ ಮ್ಯಾಕ್ ವಿಳಾಸವನ್ನು ತೋರಿಸುತ್ತವೆ. ಅತಿಥಿಗಳ ಗೋಪ್ಯತೆಗೆ ಇದು ಒಳ್ಳೆಯದೇ, ಅದನ್ನು ಮುರಿಯಲು ಯತ್ನಿಸುವುದು ನಿರ್ವಾಹಕರ ಕೆಲಸವಲ್ಲ.

ಇದಕ್ಕಿಂತ ಗಹನವಾದದ್ದು ಸಾಧನಕ್ಕೂ ಮನುಷ್ಯನಿಗೂ ಇರುವ ಅಂತರ. ಫೋನ್, ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಮೂರನ್ನೂ ತಂದ ಅತಿಥಿಗೆ ಮೂರು ಪಾಲು, ಒಂದೇ ಫೋನ್ ಇರುವವರಿಗೆ ಒಂದು ಪಾಲು ಎಂಬುದು ನ್ಯಾಯವಾಗಲಾರದು; ಹೆಚ್ಚು ಉಳ್ಳವರಿಗೆ ಹೆಚ್ಚು ಕೊಟ್ಟಂತಾಯಿತು. ಹಾಗೆಂದು ಕೋಣೆಯನ್ನು ಘಟಕವಾಗಿಸಿದರೆ ನಾಲ್ವರಿರುವ ಕುಟುಂಬಕ್ಕೂ ಒಬ್ಬರೇ ತಂಗಿರುವ ಕೋಣೆಗೂ ಸಮಪಾಲು ಸಿಕ್ಕಿ, ಕುಟುಂಬದ ಪ್ರತಿಯೊಬ್ಬರಿಗೂ ಕಾಲು ಪಾಲು ಉಳಿಯುತ್ತದೆ. ಈ ಎರಡರ ನಡುವೆ ಮಧ್ಯಮ ದಾರಿಯೊಂದಿದೆ. ತಂಗಲು ಬಂದ ಪ್ರತಿ ವ್ಯಕ್ತಿಗೆ ಒಂದು ಲಾಗಿನ್ ಸಂಕೇತ ಕೊಟ್ಟು, ಅದೇ ಸಂಕೇತದಿಂದ ಸೇರಿದ ಸಾಧನಗಳನ್ನೆಲ್ಲ ಒಂದೇ ಗುಂಪಾಗಿ ಎಣಿಸುವುದು. ಕೇಕ್‌ನಲ್ಲಿ ಫಿಲ್ಟರ್ ನಿಯಮಗಳ ಮೂಲಕ ಹಲವು ವಿಳಾಸಗಳನ್ನು ಒಂದೇ ಯಂತ್ರದಂತೆ ನೋಡುವ ಅವಕಾಶವಿದೆ. ಲಾಗಿನ್ ಪುಟದ ತಂತ್ರಾಂಶ ಆ ನಿಯಮಗಳನ್ನು ಬರೆಯುವಂತೆ ಮಾಡಿದರೆ ವಿಳಾಸ ಎಷ್ಟೇ ಬದಲಾದರೂ ಲೆಕ್ಕ ವ್ಯಕ್ತಿಗೇ ಬಂದು ಸೇರುತ್ತದೆ, ಐಪಿವಿ6ರ ತೊಡಕೂ ಅದರೊಂದಿಗೇ ತೀರುತ್ತದೆ. ಸಂಕೇತದ ಜೊತೆಗೆ ಹೆಸರನ್ನಾಗಲಿ ನೋಡಿದ ತಾಣಗಳನ್ನಾಗಲಿ ಹಂಚಿಕೆಗಾಗಿ ದಾಖಲಿಸಬೇಕಾಗಿಲ್ಲ. ಇಷ್ಟನ್ನು ಮಾಡುವ ಅನುಕೂಲ ಇಲ್ಲದ ಕಡೆ ಸಾಧನದ ಮಟ್ಟದ ಸಮತೆಗೇ ತೃಪ್ತಿಪಡಬಹುದು. ಮೂರು ಪಾಲಿನ ಅನ್ಯಾಯ ಮೂವತ್ತು ಪಾಲಿನದ್ದಕ್ಕಿಂತ ಬಹಳ ಸಣ್ಣದು.

ಇಕ್ಕಟ್ಟು ಗಾಳಿಯಲ್ಲಿದ್ದಾಗ

ಇಷ್ಟಾದ ಮೇಲೂ ಒಂದು ಮಹಡಿಯವರ ದೂರು ನಿಲ್ಲದೆ ಹೋದರೆ ಕಾರಣವನ್ನು ಹೊರಗಿನ ಲೈನಿನಲ್ಲಿ ಹುಡುಕಬಾರದು. ವೈಫೈಯಲ್ಲಿ ಒಂದು ಚಾನೆಲ್‌ನ ಸಾಧನಗಳು ಸರದಿಯ ಮೇಲೆ ಮಾತಾಡಬೇಕು, ಮತ್ತು ದೀರ್ಘಾವಧಿಯಲ್ಲಿ ಪ್ರತಿ ಸಾಧನಕ್ಕೂ ಸಿಗುವುದು ಸಮಾನ ಸರದಿಗಳೇ ಹೊರತು ಸಮಾನ ಕಾಲವಲ್ಲ. ದೂರದ ಕೋಣೆಯ ಸಾಧನ ದುರ್ಬಲ ಸಿಗ್ನಲ್‌ನಿಂದಾಗಿ 6 ಎಂಬಿಪಿಎಸ್‌ನಲ್ಲಿ ಮಾತಾಡುತ್ತಿದೆ, ಆಕ್ಸೆಸ್ ಪಾಯಿಂಟ್‌ನ (ವೈಫೈ ಸಿಗ್ನಲ್ ಹೊರಡಿಸುವ ಪೆಟ್ಟಿಗೆಯ) ಹತ್ತಿರದ್ದು 120ರಲ್ಲಿ ಎನ್ನೋಣ. ಇಬ್ಬರಿಗೂ ಒಂದೊಂದು ಮೆಗಾಬಿಟ್ ಸಾಗಿಸಲು ಮೊದಲನೆಯದಕ್ಕೆ 0.1667 ಸೆಕೆಂಡು, ಎರಡನೆಯದಕ್ಕೆ 0.0083 ಸೆಕೆಂಡು, ಒಟ್ಟು 0.175 ಸೆಕೆಂಡು ಹಿಡಿಯುತ್ತದೆ. ಸರದಿ ಸಮವಾಗಿರುವುದರಿಂದ ಇಬ್ಬರಿಗೂ ತಲಾ 5.7 ಎಂಬಿಪಿಎಸ್ ಸಿಕ್ಕಿ ಒಟ್ಟು 11.4ಕ್ಕೆ ನಿಲ್ಲುತ್ತದೆ, ಹೊರಗೆ 45 ಇದ್ದರೂ ಆ ಮಹಡಿಗೆ ಅದು ತಲುಪುವುದೇ ಇಲ್ಲ. ಒಂದು ನಿಧಾನದ ಸಾಧನ ಎಲ್ಲರ ವೇಗವನ್ನೂ ತನ್ನ ಮಟ್ಟಕ್ಕೆ ಎಳೆಯುವ ಈ ವಿದ್ಯಮಾನವನ್ನು ಹ್ಯೂಸ್ ಮತ್ತು ಸಂಗಡಿಗರು 2003ರಲ್ಲಿ ವಿವರವಾಗಿ ತೋರಿಸಿದ್ದರು. ಪ್ರಸಾರಕ್ಕೆ ಹಿಡಿಯುವ ಕಾಲವನ್ನೇ, ಅಂದರೆ ಏರ್‌ಟೈಮನ್ನೇ, ಸಮವಾಗಿ ಹಂಚಿದರೆ ಅವೇ ಎರಡು ಸಾಧನಗಳಿಗೆ 3 ಮತ್ತು 60 ಎಂಬಿಪಿಎಸ್ ಸಿಗುತ್ತದೆ. ವೈಫೈ ಶಿಷ್ಟಾಚಾರದ (ಪ್ರೋಟೋಕಾಲ್‌ನ) ಹೆಚ್ಚುವರಿ ಹೊರೆಯನ್ನು ಈ ಲೆಕ್ಕದಲ್ಲಿ ಬಿಟ್ಟಿದ್ದೇವೆ, ಆದರೆ ಅಂತರದ ಸ್ವರೂಪ ಇದೇ. ಲಿನಕ್ಸ್‌ನ ವೈಫೈ ಚಾಲಕ ತಂತ್ರಾಂಶಗಳಿಗೆ 2017ರ ಹೊತ್ತಿಗೆ ಇಂಥ ಏರ್‌ಟೈಮ್ ಹಂಚಿಕೆ ಸೇರತೊಡಗಿತು, ಹಲವು ಆಕ್ಸೆಸ್ ಪಾಯಿಂಟ್‌ಗಳಲ್ಲಿ ಇದೇ ಹೆಸರಿನ ಆಯ್ಕೆಯೂ ಇರುತ್ತದೆ.

ಆದರೆ ಇಲ್ಲಿ ನಿಂತು ಯೋಚಿಸಬೇಕಾದ ಒಂದು ಸಂಗತಿ ಇದೆ. ಏರ್‌ಟೈಮ್ ಹಂಚಿಕೆಯಿಂದ ಮೂಲೆಯ ಕೋಣೆಯವರ ಪಾಲು 5.7ರಿಂದ 3ಕ್ಕೆ ಇಳಿಯಿತು. ಆ ಕೋಣೆಯನ್ನು ಅವರು ವೈಫೈ ನೋಡಿ ಆರಿಸಿಕೊಂಡದ್ದಲ್ಲ, ಅವರಿಗೆ ಕೊಟ್ಟದ್ದು. ಉಳಿದವರನ್ನು ಉಳಿಸಲು ಏರ್‌ಟೈಮ್ ಹಂಚಿಕೆ ಬೇಕು ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಅದನ್ನು ಚಾಲೂ ಮಾಡಿ ಕೈತೊಳೆದುಕೊಂಡರೆ ಕಟ್ಟಡದ ಕೊರತೆಯ ಭಾರವನ್ನು ಒಬ್ಬ ಅತಿಥಿಯ ಮೇಲೆ ಹೊರಿಸಿದಂತಾಗುತ್ತದೆ. ಆ ತುದಿಗೆ ಇನ್ನೊಂದು ಆಕ್ಸೆಸ್ ಪಾಯಿಂಟನ್ನು ಕೇಬಲ್ ಎಳೆದು ಕೂರಿಸುವುದೇ ನಿಜವಾದ ಪರಿಹಾರ. ಅದಾದ ಬಳಿಕ ವೈಫೈಯ ಹಳೆಯ ಮಾನಕವಾದ 802.11ಬಿ ಕಾಲದ 1, 2, 5.5 ಮತ್ತು 11 ಎಂಬಿಪಿಎಸ್ ದರಗಳನ್ನು ನಿಲ್ಲಿಸಬಹುದು; ದೂರದ ಆಕ್ಸೆಸ್ ಪಾಯಿಂಟಿಗೇ ಅಂಟಿಕೊಂಡಿರುವ ಫೋನುಗಳು ಆಗ ಹತ್ತಿರದ್ದಕ್ಕೆ ಸರಿಯುತ್ತವೆ. ಈ ಅನುಕ್ರಮ ಮುಖ್ಯ. ಹೊಸ ಆಕ್ಸೆಸ್ ಪಾಯಿಂಟ್ ಕೂರಿಸುವ ಮೊದಲೇ ಕೆಳದರಗಳನ್ನು ನಿಲ್ಲಿಸಿದರೆ ಮೂಲೆಯ ಕೋಣೆಗೆ ಜಾಲವೇ ತಪ್ಪಿಹೋಗಬಹುದು.

ಬಿಟ್ಟುಬಿಟ್ಟ ಮಾರ್ಗಗಳು

ವಿಡಿಯೊ ತಾಣಗಳನ್ನು ತಡೆಯಬೇಕು, ಕರೆಗಳಿಗೆ ಆದ್ಯತೆ ಕೊಡಬೇಕು ಎಂಬ ಸಲಹೆಗಳು ಇಂಥ ಕಡೆಗಳಲ್ಲಿ ಯಾವಾಗಲೂ ಬರುತ್ತವೆ. ಇವನ್ನು ಕೈಬಿಡಲು ತಾಂತ್ರಿಕ ಕಾರಣವೂ ಇದೆ, ನೈತಿಕ ಕಾರಣವೂ ಇದೆ. ಜಾಲದ ಸಂಚಾರ ಈಗ ಬಹುಪಾಲು ಗೂಢಲಿಪಿಯಲ್ಲಿ ಸಾಗುತ್ತದೆ. 2021ರಲ್ಲಿ ಆರ್‌ಎಫ್‌ಸಿ 9000 ಆಗಿ ಮಾನಕಗೊಂಡ ಕ್ವಿಕ್ ಶಿಷ್ಟಾಚಾರದಲ್ಲಿ ಸಾಗಣೆಯ ವಿವರಗಳೂ ಹೆಚ್ಚಿನಂಶ ಮುಚ್ಚಿರುತ್ತವೆ. ಯಾವ ಪ್ಯಾಕೆಟ್ ಯಾವ ಕೆಲಸದ್ದೆಂದು ಊಹಿಸುವ ಪೆಟ್ಟಿಗೆಗಳು ಎಡವುವುದು ಸಹಜ. ಅದಲ್ಲದೆ, ಒಬ್ಬ ಅತಿಥಿಯ ಪಾಠದ ವಿಡಿಯೊಗಿಂತ ಇನ್ನೊಬ್ಬರ ಕರೆ ಹೆಚ್ಚು ಮುಖ್ಯವೆಂದು ತೀರ್ಮಾನಿಸುವ ಅಧಿಕಾರ ಜಾಲ ನಡೆಸುವವರಿಗೆ ಎಲ್ಲಿಂದ ಬಂತು? ಪಾಲು ಸಮವಾಗಿದ್ದರೆ ತನ್ನ ಪಾಲನ್ನು ಯಾವುದಕ್ಕೆ ಬಳಸಬೇಕೆಂಬುದು ಅತಿಥಿಗೆ ಬಿಟ್ಟದ್ದು. ಪಾಲು ಕಿರಿದಾದಾಗ ವಿಡಿಯೊ ತಾಣಗಳು ತಾವಾಗಿಯೇ ಗುಣಮಟ್ಟ ಇಳಿಸಿಕೊಳ್ಳುತ್ತವೆ, ತಡೆಯುವ ಅಗತ್ಯವೇ ಬೀಳುವುದಿಲ್ಲ.

ದಿನಕ್ಕಿಷ್ಟು ಡೇಟಾ ಎಂಬ ಕೋಟಾದ ಬಗ್ಗೆ ಇಷ್ಟು ಖಚಿತವಾಗಿ ಹೇಳಲಾಗದು. ಕ್ಷಣ ಕ್ಷಣಕ್ಕೂ ಸಮವಾಗಿ ಹಂಚುವ ಕ್ರಮಕ್ಕೆ ನೆನಪಿಲ್ಲ: ಸಂಜೆಯಿಡೀ ಇಳಿಸಿಕೊಳ್ಳುತ್ತಿರುವವರಿಗೂ ಐದು ನಿಮಿಷಕ್ಕೆಂದು ಬಂದವರಿಗೂ ಆ ಐದು ನಿಮಿಷದಲ್ಲಿ ಸಿಗುವುದು ಒಂದೇ ಪಾಲು. ಕ್ಷಣದ ವೇಗವನ್ನು ಸಮವಾಗಿಸಿದರೆ ನ್ಯಾಯ ಸಿಕ್ಕಂತಲ್ಲ, ಕಾಲದುದ್ದಕ್ಕೂ ಯಾರು ಎಷ್ಟು ದಟ್ಟಣೆಗೆ ಕಾರಣರಾದರು ಎಂಬುದನ್ನು ನೋಡಬೇಕು ಎಂದು ಬಾಬ್ ಬ್ರಿಸ್ಕೊ 2007ರಲ್ಲಿ ಬಲವಾಗಿ ವಾದಿಸಿದ್ದರು. ವಾದದಲ್ಲಿ ಹುರುಳಿದೆ. ಆದರೂ ಬರಿಯ ಒಟ್ಟು ಡೇಟಾದ ಕೋಟಾ ಆ ವಾದಕ್ಕೆ ನ್ಯಾಯ ಸಲ್ಲಿಸುವುದಿಲ್ಲ, ಏಕೆಂದರೆ ನಡುರಾತ್ರಿ ಖಾಲಿ ಲೈನಿನಲ್ಲಿ ಇಳಿಸಿಕೊಂಡದ್ದನ್ನೂ ಸಂಜೆಯ ಇಕ್ಕಟ್ಟಿನಲ್ಲಿ ಇಳಿಸಿಕೊಂಡದ್ದನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಮೊದಲನೆಯದರಿಂದ ಯಾರಿಗೂ ತೊಂದರೆಯಾಗಿಲ್ಲ. ಅದಕ್ಕಾಗಿ ಈ ಪ್ರಕರಣದಲ್ಲಿ ಕೋಟಾ ಇಟ್ಟಿಲ್ಲ.

ಅತಿಥಿಗೃಹದ ಕಚೇರಿಯ ಗಣಕಗಳು ಅದೇ ಲೈನನ್ನು ಬಳಸುತ್ತವೆ. ಅವನ್ನು ಬೇರೆ ವಿಲ್ಯಾನ್‌ಗೆ (ಅದೇ ಉಪಕರಣಗಳ ಮೇಲೆ ನಡೆಯುವ ಪ್ರತ್ಯೇಕ ಜಾಲಕ್ಕೆ) ಹಾಕಿ, ಅತಿಥಿ ಜಾಲದಿಂದ ಅವು ಕಾಣದಂತೆ ಮಾಡಿದರೆ ಸುರಕ್ಷತೆಯ ಅಗತ್ಯ ಪೂರೈಸುತ್ತದೆ. ವೇಗದ ಮಟ್ಟಿಗೆ ಕಚೇರಿಯ ಒಂದೆರಡು ಯಂತ್ರಗಳು ಉಳಿದವರಂತೆ ಒಂದೊಂದು ಪಾಲು ಪಡೆದರೆ ಸಾಕು.

ಪರಿಶೀಲನೆ

ಬದಲಾವಣೆ ಫಲ ಕೊಟ್ಟಿದೆಯೇ ಎಂದು ತಿಳಿಯಲು ಖಾಲಿ ಹೊತ್ತಿನ ವೇಗ ಪರೀಕ್ಷೆ ಪ್ರಯೋಜನವಿಲ್ಲ. ಒಂದು ಯಂತ್ರದಲ್ಲಿ ಡೌನ್‌ಲೋಡನ್ನೂ ಅಪ್‌ಲೋಡನ್ನೂ ಒಟ್ಟಿಗೆ ತುಂಬಿಸಿ, ಆ ಹೊತ್ತಿನಲ್ಲಿ ಇನ್ನೊಂದು ಯಂತ್ರದಿಂದ ಪಿಂಗ್ ಮಾಡಿ (ಸಣ್ಣ ಪ್ಯಾಕೆಟ್ ಕಳಿಸಿ ಉತ್ತರ ಬರಲು ಹಿಡಿಯುವ ಕಾಲವನ್ನು ಅಳೆದು), ಖಾಲಿಯಿದ್ದಾಗಿನ ವಿಳಂಬಕ್ಕೂ ತುಂಬಿದಾಗಿನದಕ್ಕೂ ಇರುವ ವ್ಯತ್ಯಾಸವನ್ನು ನೋಡಬೇಕು. ಈ ವ್ಯತ್ಯಾಸ ನೂರಾರು ಮಿಲಿಸೆಕೆಂಡು ಉಳಿದಿದ್ದರೆ ಸರತಿ ಇನ್ನೂ ಮೋಡೆಮ್‌ನಲ್ಲೇ ಇದೆ, ಕಟ್ಟಿದ ವೇಗವನ್ನು ಮತ್ತಷ್ಟು ಇಳಿಸಬೇಕು. ಪರೀಕ್ಷೆಯನ್ನು ಮೊದಲು ಕೇಬಲ್‌ನಲ್ಲಿ, ಆಮೇಲೆ ವೈಫೈಯಲ್ಲಿ ಮಾಡಿದರೆ ಇಕ್ಕಟ್ಟು ಲೈನಿನದೋ ಗಾಳಿಯದೋ ಎಂಬುದೂ ಬೇರ್ಪಡುತ್ತದೆ.

ಸಮತೆಯನ್ನು ಅಂಕಿಯಲ್ಲಿ ಹೇಳಲು 1984ರಲ್ಲಿ ರಾಜ್ ಜೈನ್ ಮತ್ತು ಸಂಗಡಿಗರು ಕೊಟ್ಟ ಸೂಚ್ಯಂಕ ಬಳಕೆಯಲ್ಲಿದೆ: ಪಾಲುಗಳ ಮೊತ್ತದ ವರ್ಗವನ್ನು, ಪಾಲುಗಳ ವರ್ಗಗಳ ಮೊತ್ತ ಮತ್ತು ಜನಸಂಖ್ಯೆಗಳ ಗುಣಲಬ್ಧದಿಂದ ಭಾಗಿಸಿದರೆ ಅದು ಬರುತ್ತದೆ, ಎಲ್ಲರಿಗೂ ಸಮವಾದರೆ 1. ಒಬ್ಬರಿಗೆ 31.25, ಒಂಬತ್ತು ಮಂದಿಗೆ 2.08 ಸಿಕ್ಕ ಹಂಚಿಕೆಗೆ ಸೂಚ್ಯಂಕ ಸುಮಾರು 0.25. ಈ ಅಂಕಿಯನ್ನು ಕುರುಡಾಗಿ ನಂಬಬಾರದು. ಮ್ಯಾಕ್ಸ್-ಮಿನ್ ಉದಾಹರಣೆಯಲ್ಲಿ 0.5, 3 ಮತ್ತು 11.33 ಪಡೆದ ಹತ್ತು ಮಂದಿಗೆ ಇದೇ ಲೆಕ್ಕ ಹಾಕಿದರೆ 0.49 ಬರುತ್ತದೆ, ಆದರೆ ಅಲ್ಲಿ ಯಾರಿಗೂ ಅನ್ಯಾಯವಾಗಿಲ್ಲ, ಕಡಿಮೆ ಪಡೆದವರು ಕೇಳಿದ್ದೇ ಅಷ್ಟು. ಬೇಡಿಕೆ ತೀರದೆ ಉಳಿದವರ ನಡುವೆ ಮಾತ್ರ ಸೂಚ್ಯಂಕವನ್ನು ಲೆಕ್ಕ ಹಾಕಬೇಕು. ಹಾಗೆ ನೋಡಿದರೆ ಆ ಮೂವರ ನಡುವೆ ಅದು 1.

ಕೊನೆಯದಾಗಿ, ಹಂಚಿಕೆಯಿಂದ ಆಗದ ಕೆಲಸದ ಲೆಕ್ಕ. ಸಂಜೆ ನಲವತ್ತು ಮಂದಿಯೂ ಕೊಟ್ಟಷ್ಟೂ ಬೇಕೆನ್ನುವವರಾದರೆ ಡೌನ್‌ಲೋಡಿನಲ್ಲಿ ತಲಾ 1.125 ಎಂಬಿಪಿಎಸ್ ಬರುತ್ತದೆ. ಹದಿನೈದು ಮಂದಿಗೆ 0.3 ಸಾಕಾದರೆ ಉಳಿದ ಇಪ್ಪತ್ತೈದು ಮಂದಿಗೆ 1.62ರಂತೆ ಸಿಗುತ್ತದೆ, ಓದಲು, ಸಂದೇಶಕ್ಕೆ, ಸಾಧಾರಣ ಗುಣಮಟ್ಟದ ವಿಡಿಯೊಗೆ ಅದು ನಡೆಯುತ್ತದೆ. ಅಪ್‌ಲೋಡಿನಲ್ಲಿ ತಲಾ ಬರುವುದು 0.225 ಮಾತ್ರ. ವಿಡಿಯೊ ಕರೆಯೊಂದಕ್ಕೆ ಮೇಲ್ಮುಖವಾಗಿ 1 ಎಂಬಿಪಿಎಸ್ ಬೇಕೆಂದು ಹಿಡಿದರೆ ಒಂಬತ್ತು ಕರೆಗಳಿಗೇ ಲೈನ್ ತುಂಬುತ್ತದೆ. ಹತ್ತನೆಯವರು ಬಂದಾಗ ಹಂಚಿಕೆ ಎಷ್ಟೇ ನ್ಯಾಯವಾಗಿದ್ದರೂ ಹತ್ತೂ ಕರೆಗಳ ಚಿತ್ರ ಮಸುಕಾಗುತ್ತದೆ. ಈ ಅತಿಥಿಗೃಹ ಮುಂದೆ ಹಣ ಹಾಕುವುದಾದರೆ 50ರ ಡೌನ್‌ಲೋಡನ್ನು 100 ಮಾಡುವ ಯೋಜನೆಗಿಂತ, ಡೌನ್‌ಲೋಡನ್ನು ಇದ್ದಷ್ಟೇ ಇಟ್ಟು ಅಪ್‌ಲೋಡನ್ನು 10ರಿಂದ 30ಕ್ಕೋ 50ಕ್ಕೋ ಏರಿಸುವ ಯೋಜನೆಯನ್ನು ಆರಿಸಿಕೊಳ್ಳಬೇಕು, ಮತ್ತು ಹೊಸ ಲೈನ್ ಬಂದ ದಿನವೇ ರೂಟರ್‌ನಲ್ಲಿ ಕಟ್ಟಿದ ವೇಗವನ್ನು ಅದಕ್ಕೆ ತಕ್ಕಂತೆ ಬದಲಿಸಬೇಕು.